ತಾರೆ ನೆನಪಿದ್ದಾರೆ, ಸರಕು ಮರೆತುಹೋಯಿತು

ಟೀವಿ ಜಾಹೀರಾತುಗಳಲ್ಲಿ ಸಿನಿಮಾ ನಟರು, ಕ್ರಿಕೆಟಿಗರು ಕಾಣಿಸಿಕೊಳ್ಳುವುದರ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಕೇಳಿದವರಲ್ಲಿ ಅಂಗಡಿ, ಗಿರಣಿ ನಡೆಸುವವರೇ ಹೆಚ್ಚು. ಹಾಗಾಗಿ ಉತ್ತರಗಳೂ ಲೆಕ್ಕದ ಕಡೆಗೇ ವಾಲಿವೆ.

ತರಗತಿಯಲ್ಲಿ ನೆನಪಿರುವ ಹತ್ತು ಜಾಹೀರಾತು ಹೇಳಿ ಅಂದಾಗ ಎಲ್ಲರೂ ನಟರ ಹೆಸರು ಹೇಳಿದೆವು. ಯಾವ ಕಂಪನಿಯದ್ದು ಅಂತ ಕೇಳಿದರೆ ಅರ್ಧಕ್ಕೆ ಉತ್ತರವೇ ಇಲ್ಲ. ಇಷ್ಟು ದುಡ್ಡು ಸುರಿದೂ ಹೀಗ್ಯಾಕೆ ಆಗುತ್ತೆ ಸರ್?
— ಎಂಬಿಎ ವಿದ್ಯಾರ್ಥಿನಿ, ದಾವಣಗೆರೆ

ಇದಕ್ಕೆ ಜಾಹೀರಾತಿನವರು ಇಟ್ಟಿರುವ ಹೆಸರು ವ್ಯಾಂಪೈರ್ ಎಫೆಕ್ಟ್. ಮದುವೆಗೆ ಬಂದ ಬೀಗರು ಮದುಮಗನ ಪೇಟ ಸುತ್ತಿಕೊಂಡು ಹಸೆಮಣೆಯ ಮೇಲೆ ಕೂತಂತೆ. ಪರಿಚಯದ ಮುಖ ಕಂಡೊಡನೆ ಕಣ್ಣು ಅಲ್ಲೇ ನಿಲ್ಲುತ್ತದೆ, ಪಕ್ಕದಲ್ಲಿ ಹಿಡಿದಿರುವ ಪೊಟ್ಟಣದ ಕಡೆ ಹೋಗುವುದಿಲ್ಲ. ತಾರೆಯಿಂದ ನಿಜವಾಗಿ ಸಿಗುವುದು ಮೊದಲ ಎರಡು ಮೂರು ಸೆಕೆಂಡಿನ ಗಮನ, ಅಷ್ಟೇ. ಉಳಿದ ಹೊತ್ತಿನಲ್ಲಿ ಅವರಿಗೆ ಸರಕಿಗೆ ಸಂಬಂಧಪಟ್ಟ ಒಂದು ಕೆಲಸ ಕೊಟ್ಟಿದ್ದರೆ ಜಾಹೀರಾತು ನೆನಪಿನಲ್ಲಿ ನಿಲ್ಲುತ್ತದೆ. ಬರೀ ನಕ್ಕು, ಪೊಟ್ಟಣ ಎತ್ತಿ ತೋರಿಸಲು ಹೇಳಿದ್ದರೆ ನಿಮ್ಮ ತರಗತಿಯಲ್ಲಿ ಆದದ್ದೇ ಆಗುತ್ತದೆ.

ಜಾಕಿರ್ ಹುಸೇನರ ತಾಜ್‌ಮಹಲ್ ಚಹಾ ಜಾಹೀರಾತನ್ನು ಇನ್ನೊಮ್ಮೆ ನೋಡಿ. ತಬಲಾ ಮುಗಿಯುತ್ತದೆ, "ವಾಹ್ ಉಸ್ತಾದ್" ಎಂಬ ಉದ್ಗಾರ ಕೇಳುತ್ತದೆ. ಅವರು ಅದನ್ನು ಇಟ್ಟುಕೊಳ್ಳುವುದಿಲ್ಲ, "ವಾಹ್ ತಾಜ್ ಅನ್ನಿ" ಎಂದು ತಿದ್ದುತ್ತಾರೆ. ತನಗೆ ಬಂದ ಹೊಗಳಿಕೆಯನ್ನು ತಾರೆಯೇ ಚಹಾದ ಕಪ್ಪಿಗೆ ದಾಟಿಸಿದ ಆ ಗಳಿಗೆಯಲ್ಲಿ ಜಾಹೀರಾತಿನ ಪೂರ್ತಿ ಕೆಲಸ ಮುಗಿದುಹೋಗುತ್ತದೆ. ಇಂಥ ದಾಟುವಿಕೆ ಇಲ್ಲದಿದ್ದರೆ ಅದು ಬರೀ ಒಳ್ಳೆಯ ತಬಲಾ ಕಛೇರಿ.

ಬೂಸ್ಟ್‌ನವರು ಇನ್ನೊಂದು ದಾರಿ ಹಿಡಿದರು. "ನನ್ನ ಶಕ್ತಿಯ ಗುಟ್ಟು" ಎಂಬ ಸಾಲನ್ನು ಮೊದಲು ಕಪಿಲ್ ದೇವ್ ಬಾಯಲ್ಲಿ ಇಟ್ಟರು, ಆಮೇಲೆ ಸಚಿನ್, ಅವರ ನಂತರ ಧೋನಿ, ಕೊಹ್ಲಿ. ಆಟಗಾರರು ನಿವೃತ್ತರಾಗುತ್ತಾ ಹೋದರು, ಸಾಲು ಹಾಗೇ ಉಳಿಯಿತು. ಲಕ್ಸ್ 1941ರಲ್ಲಿ ಲೀಲಾ ಚಿಟ್ನಿಸ್ ಅವರಿಂದ ಶುರುಮಾಡಿ, 2005ರಲ್ಲಿ ಶಾರುಖ್ ಖಾನರನ್ನು ಗುಲಾಬಿ ಎಸಳಿನ ತೊಟ್ಟಿಯಲ್ಲಿ ಕೂರಿಸುವ ತನಕ ಮಾಡಿದ್ದೂ ಇದನ್ನೇ. ಮುಖ ಬಾಡಿಗೆಯದ್ದು, ಮಾತು ಸ್ವಂತದ್ದು.

ದ್ರಾವಿಡ್ ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಂತು "ಇಂದಿರಾನಗರದ ಗೂಂಡಾ" ಎಂದು ಕೂಗಿದ ಕ್ರೆಡ್ ಆ್ಯಪಿನ ಜಾಹೀರಾತು (2021) ಬರೀ ತಮಾಷೆ ಎಂದು ಹಲವರು ತಿಳಿದಿದ್ದಾರೆ. ಅದರ ಕಟ್ಟೋಣ ನೋಡಿ: ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದರೆ ಬಹುಮಾನ ಸಿಗುತ್ತದೆ ಅನ್ನುವುದು, ದ್ರಾವಿಡ್‌ಗೆ ಸಿಟ್ಟು ಜಾಸ್ತಿ ಅಂದಷ್ಟೇ ನಂಬಲಾಗದ ಮಾತು. ಆ ಹೋಲಿಕೆಯಿಂದಲೇ ಜೋಕು ಹುಟ್ಟಿದೆ. ಸರಕು ತೆಗೆದರೆ ಜೋಕಿಗೆ ನೆಲೆಯೇ ಇಲ್ಲ.

ಪ್ರಾಜೆಕ್ಟ್ ಮಾಡುವಾಗ ನೀವೇ ಒಂದು ಪರೀಕ್ಷೆ ಮಾಡಿ. ತಾರೆಯ ಕೈಯಲ್ಲಿರುವ ಪೊಟ್ಟಣ ತೆಗೆದು ಎದುರಾಳಿ ಕಂಪನಿಯದ್ದು ಇಟ್ಟಂತೆ ಊಹಿಸಿ. ಒಂದಕ್ಷರ ಬದಲಿಸದೆಯೂ ಜಾಹೀರಾತು ನಡೆಯುವುದಾದರೆ ಅದು ಸೋತಿದೆ. ಇನ್ನೊಂದು ಮಾತು: ಸರ್ಫ್‌ನ ಲಲಿತಾಜಿ ಎಲ್ಲರಿಗೂ ನೆನಪಿದ್ದಾಳೆ. ಅಲ್ಲಿ ತಾರೆ ಇರಲಿಲ್ಲ, ಲೆಕ್ಕಾಚಾರದ ಒಬ್ಬ ಗೃಹಿಣಿಯ ಪಾತ್ರ ಇತ್ತು.

ಚಳ್ಳಕೆರೆಯಲ್ಲಿ ನಮ್ಮದು ಸಣ್ಣ ಆಯಿಲ್ ಮಿಲ್ಲು. ಶೇಂಗಾ ಎಣ್ಣೆ ಪ್ಯಾಕೆಟ್ ಮಾಡಿ ಎರಡು ಜಿಲ್ಲೆಗೆ ಕಳಿಸ್ತೀವಿ. ಧಾರಾವಾಹಿ ನಾಯಕಿ ಒಬ್ಬರು ಒಂದು ದಿನಕ್ಕೆ ಸಿಗ್ತಾರೆ ಅಂತ ಏಜೆಂಟ್ ಹೇಳ್ತಿದಾನೆ. 20 ಸೆಕೆಂಡಿನ ಜಾಹೀರಾತು ಮಾಡಬಹುದಾ? ಎಲ್ಲೆಲ್ಲಿ ಎಡವುತೀವಿ, ಮೊದಲೇ ಹೇಳ್ರಿ.
— ಗಿರಣಿ ಮಾಲೀಕರು, ಚಳ್ಳಕೆರೆ

ಮಾಡಬಹುದು. ಆದರೆ ಏಜೆಂಟರಿಗೆ ಹೂಂ ಅನ್ನುವ ಮೊದಲು ದುಡ್ಡು ಹಂಚಿಕೊಳ್ಳಿ. ಇರುವುದು 100 ರೂಪಾಯಿ ಎಂದಿಟ್ಟುಕೊಂಡರೆ ನಾಯಕಿಗೆ 25 ದಾಟಬಾರದು, ಚಿತ್ರೀಕರಣ ಮತ್ತು ಎಡಿಟಿಂಗ್‌ಗೆ 15, ಉಳಿದ 60 ಪ್ರಸಾರಕ್ಕೆ. ಊರಕಡೆಯ ಜಾಹೀರಾತುಗಳು ಸಾಯುವುದು ಇಲ್ಲೇ: ತಾರೆಗೆ 70 ಕೊಟ್ಟು, ಸೊಗಸಾದ ವಿಡಿಯೊ ಮಾಡಿಸಿ, ಪ್ರಸಾರಕ್ಕೆ ಕಾಸಿಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ನೆಂಟರಿಗೆ ಕಳಿಸಿ ಸುಮ್ಮನಾಗುತ್ತಾರೆ. ಸಂಭಾವನೆಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆಯೇ, ನೀವು ಹಿಡಿಯಬೇಕಾದ ಶೇ. 10 ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಹೇಳಿದ ಮೊತ್ತದೊಳಗೋ ಹೊರಗೋ, ಏಜೆಂಟರ ಕಮಿಷನ್ ಯಾರ ತಲೆಗೆ, ಮೇಕಪ್‌ನವರ ಮತ್ತು ಸಹಾಯಕರ ಪ್ರಯಾಣ, ಊಟ, ಕೋಣೆಯ ಬಾಡಿಗೆ ಯಾರದ್ದು — ಇವೆಲ್ಲ ಕಾಗದದಲ್ಲಿ ಬರಲಿ.

ರಾಜ್ಯಮಟ್ಟದ ವಾಹಿನಿಗಳು ಸಮಯವನ್ನು 10 ಸೆಕೆಂಡಿನ ಲೆಕ್ಕದಲ್ಲಿ ಮಾರುತ್ತವೆ, 20 ಸೆಕೆಂಡಿಗೆ ಎರಡು ಪಾಲು. ಅಲ್ಲಿ ಹಾಕಿದರೆ 31 ಜಿಲ್ಲೆಗೂ ದುಡ್ಡು ಕೊಟ್ಟ ಹಾಗೆ, ನಿಮ್ಮ ಪ್ಯಾಕೆಟ್ ಸಿಗುವುದು ಎರಡರಲ್ಲಿ. ಸದ್ಯಕ್ಕೆ ಸ್ಥಳೀಯ ಕೇಬಲ್ ಮತ್ತು ಜಿಲ್ಲೆ ಆರಿಸಿ ಹಾಕಬಹುದಾದ ಯೂಟ್ಯೂಬ್ ಸಾಕು. ಚಿತ್ರಮಂದಿರದಲ್ಲಿ ತೋರಿಸುವ ಆಸೆಯಿದ್ದರೆ ಜಾಹೀರಾತು ಚಿತ್ರಕ್ಕೂ ಸೆನ್ಸಾರ್ ಪ್ರಮಾಣಪತ್ರ ಬೇಕು. ಅದಕ್ಕೆ ತಗಲುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಬ್ಬರು ಒಂದೇ ಸಲ ನೋಡಿದರೆ ಏನೂ ಉಳಿಯುವುದಿಲ್ಲ. ಮಾಧ್ಯಮದವರು ಜಿಆರ್‌ಪಿ ಅನ್ನುವುದು ಇದನ್ನೇ: ನೂರು ಮನೆಯಲ್ಲಿ 40 ಮನೆಯವರು ನೋಡಿ, ತಲಾ ಸರಾಸರಿ 5 ಸಲ ನೋಡಿದರೆ, 40ನ್ನು 5ರಿಂದ ಗುಣಿಸಿ 200 ಜಿಆರ್‌ಪಿ. ಮೂರು ತಿಂಗಳು ಚೆದುರಿ ಹಾಕುವುದಕ್ಕಿಂತ ಮೂರು ವಾರ ಸಂಜೆಯ ಒಂದೇ ಹೊತ್ತಿಗೆ ಬಿಡದೆ ಹಾಕುವುದು ಒಳ್ಳೆಯದು.

ಒಪ್ಪಂದದಲ್ಲಿ "ಒಂದು ದಿನ" ಎಂದರೆ ಎಷ್ಟು ಗಂಟೆ ಎಂದು ಬರೆಸಿ. ಕಾಲ್‌ಶೀಟ್ 8 ಗಂಟೆಯದ್ದಾದರೆ ಮೇಕಪ್, ಸೀರೆ, ಊಟ ಕಳೆದು ಕ್ಯಾಮೆರಾ ಮುಂದೆ ಸಿಗುವುದು ಐದು ಗಂಟೆ. ಎಲ್ಲೆಲ್ಲಿ ಬಳಸಬಹುದು ಎಂಬುದನ್ನು ಒಂದೊಂದಾಗಿ ಹೆಸರಿಸಿ: ಟೀವಿ, ಮೊಬೈಲ್, ಹೋರ್ಡಿಂಗ್, ಅಂಗಡಿ ಬೋರ್ಡು, ಬಸ್ಸಿನ ಹಿಂಬದಿ, ಪ್ಯಾಕೆಟ್ ಮೇಲೆ. ಬರೆಯದೆ ಬಿಟ್ಟದ್ದು ನಿಮ್ಮದಲ್ಲ. ಎಷ್ಟು ತಿಂಗಳು, ಆ ಅವಧಿಯಲ್ಲಿ ಅವರು ಬೇರೆ ಅಡುಗೆ ಎಣ್ಣೆಗೆ ನಟಿಸುವಂತಿಲ್ಲ ಎಂಬ ಷರತ್ತು, ಅವಧಿ ಮುಗಿದ ಮೇಲೆ ಗೋಡೆಯ ಮೇಲೆ ಉಳಿದ ಚಿತ್ರ ತೆಗೆಯಲು ಎಷ್ಟು ದಿನ — ಇವೂ ಇರಲಿ. ಧಾರಾವಾಹಿಯ ಪಾತ್ರದ ಹೆಸರು, ಆ ಪಾತ್ರದ ವೇಷ, ಶೀರ್ಷಿಕೆ ಸಂಗೀತ ನಾಯಕಿಯ ಸ್ವತ್ತಲ್ಲ, ವಾಹಿನಿಯದ್ದೋ ನಿರ್ಮಾಪಕರದ್ದೋ ಆಗಿರುತ್ತವೆ. ನಾಯಕಿ ಒಪ್ಪಿದರು ಎಂದು ನೀವು ಬಳಸುವಂತಿಲ್ಲ. ಮರೆಯದೆ ಕೇಳಬೇಕಾದ್ದು ಇನ್ನೊಂದಿದೆ: ಧಾರಾವಾಹಿಯಲ್ಲಿ ಕೇಳಿಸುವ ದನಿ ಅವರದ್ದೋ, ಡಬ್ಬಿಂಗ್ ಕಲಾವಿದೆಯದ್ದೋ? ಜನ ಗುರುತಿಸುವ ದನಿ ಬೇರೆಯವರದ್ದಾದರೆ ನಿಮ್ಮ ಜಾಹೀರಾತಿನಲ್ಲಿ ಅದೇ ಮುಖ ಅಪರಿಚಿತವಾಗಿ ಕಾಣುತ್ತದೆ.

ಇನ್ನು ಆ 20 ಸೆಕೆಂಡು. ಮಾತು 30 ಪದ ಮೀರಬಾರದು. ಗಡಿಯಾರ ಹಿಡಿದು ಓದಿ, ನಿಮಗಿಂತ ನಟಿಗೆ ಎರಡು ಸೆಕೆಂಡು ಹೆಚ್ಚೇ ಹಿಡಿಯುತ್ತದೆ. ಮೊದಲ ಮೂರು ಸೆಕೆಂಡು ಮಾತೇ ಬೇಡ. ಹಿಟ್ಟಿನಲ್ಲಿ ಅದ್ದಿದ ಮಿರ್ಚಿ ಬಾಣಲೆಗೆ ಜಾರುತ್ತದೆ, ಚುಂಯ್ ಎಂದು ಸದ್ದು. ಟೀವಿ ಕಡೆ ಬೆನ್ನು ಹಾಕಿ ಅಡುಗೆಮನೆಯಲ್ಲಿ ನಿಂತವರೂ ಆ ಸದ್ದಿಗೆ ತಿರುಗುತ್ತಾರೆ. ನಾಲ್ಕನೇ ಸೆಕೆಂಡಿಗೆ ನಾಯಕಿ. ಆದರೆ ಅವರು ಕ್ಯಾಮೆರಾ ನೋಡಿ ನಗುವುದಿಲ್ಲ, ಅಂಗೈ ಮೇಲೆ ಎರಡು ಹನಿ ಎಣ್ಣೆ ಹಾಕಿ ಉಜ್ಜಿ ಮೂಸುತ್ತಾರೆ. ಸಂತೆಯಲ್ಲಿ ನಮ್ಮವರು ಶೇಂಗಾ ಎಣ್ಣೆ ನೋಡುವುದು ಹೀಗೆ ತಾನೆ? ತಾರೆಗೆ ಕೊಡುವ ಕೆಲಸ ಎಂದರೆ ಇದು. ಏಳನೇ ಸೆಕೆಂಡಿನೊಳಗೆ ನಿಮ್ಮ ಬ್ರಾಂಡಿನ ಹೆಸರು ಒಮ್ಮೆ ಕಿವಿಗೆ ಬೀಳಬೇಕು, ನಡುವೆ ಪ್ಯಾಕೆಟ್ ಕತ್ತರಿಸಿ ಸುರಿಯುವಾಗ ಕಣ್ಣಿಗೆ ಬೀಳಬೇಕು, ಕೊನೆಯ ನಾಲ್ಕು ಸೆಕೆಂಡು 1 ಲೀಟರ್ ಪ್ಯಾಕೆಟ್, 5 ಲೀಟರ್ ಕ್ಯಾನ್ ಎರಡೂ ನಿಂತಿರಬೇಕು. ಹೆಸರನ್ನು ಪರದೆಯ ಕೆಳತುದಿಯಲ್ಲಿ ಬರೆಯಬೇಡಿ. ಕೇಬಲ್‌ನವರ ಓಡುವ ಅಕ್ಷರದ ಪಟ್ಟಿ ಅಲ್ಲೇ ಕೂರುತ್ತದೆ.

ನಿಮ್ಮದು ರಿಫೈನ್ಡ್ ಆಗಿದ್ದರೆ ಮೂಸುವ ದೃಶ್ಯ ಕೈಬಿಡಿ. ರಿಫೈನ್ ಮಾಡುವಾಗ ವಾಸನೆ ಹೋಗಿಬಿಟ್ಟಿರುತ್ತದೆ, ಅದಕ್ಕೆ ಘಮ ಇದೆ ಅನ್ನುವುದು ಸುಳ್ಳು. ಫಿಲ್ಟರ್ ಎಣ್ಣೆ ಅಥವಾ ಗಾಣದ ಎಣ್ಣೆಗೆ ಮಾತ್ರ ಅದು ಒಪ್ಪುತ್ತದೆ.

ಸೆಟ್ಟಿನಲ್ಲಿ ಕೆಡುವ ವಸ್ತು ಪ್ಯಾಕೆಟ್. ಹೊಳೆಯುವ ಪ್ಲಾಸ್ಟಿಕ್ ಮೇಲೆ ದೀಪ ಬಿದ್ದರೆ ಹೆಸರಿನ ಜಾಗದಲ್ಲಿ ಬರೀ ಬಿಳಿ ಮಚ್ಚೆ. ಮಡಿಕೆ ಬೀಳದ ಎರಡು ಡಜನ್ ಪ್ಯಾಕೆಟ್ ಬೇರೆ ಡಬ್ಬದಲ್ಲಿ ಒಯ್ಯಿರಿ, ಸಾಧ್ಯವಾದರೆ ಹೊಳಪಿಲ್ಲದ ಮುದ್ರಣದ್ದು ನಾಲ್ಕಾರು ಮಾಡಿಸಿ. ಸುರಿಯುವ ಎಣ್ಣೆಗೆ ದೀಪ ಹಿಂದಿನಿಂದ ಬರಲಿ, ಆಗ ಬಂಗಾರದ ಬಣ್ಣ ಬರುತ್ತದೆ. ಮುಂದಿನಿಂದ ಬಿಟ್ಟರೆ ಮಂಕು. ಬಾಣಲೆಯ ಹಿಂದೆ ಕಪ್ಪು ಹಿನ್ನೆಲೆ ಇದ್ದರೆ ಮಾತ್ರ ಹಬೆ ಕಾಣುತ್ತದೆ. ಎಣ್ಣೆ ಅತಿಯಾಗಿ ಕಾದು ಹೊಗೆಯೆದ್ದರೆ ಆ ಶಾಟ್ ಬಿಸಾಡಿ, ನೋಡುವವರಿಗೆ ಅದು ಸುಟ್ಟ ಎಣ್ಣೆ. ಬರೀ ಪ್ಯಾಕೆಟ್ ಮತ್ತು ಬಾಣಲೆಯ ಶಾಟ್‌ಗಳನ್ನು ಮಾರನೇ ದಿನ ತೆಗೆಯಿರಿ, ನಾಯಕಿಯ ಗಂಟೆಗಳನ್ನು ಅದಕ್ಕೆ ಸುಡಬೇಡಿ. ಆ ಗಂಟೆಗಳಲ್ಲೇ ಮೊಬೈಲ್‌ಗೆ ಲಂಬ ಚೌಕಟ್ಟಿನ ವಿಡಿಯೊ, ಬೋರ್ಡಿಗೆ ಹತ್ತಿಪ್ಪತ್ತು ಸ್ಥಿರಚಿತ್ರ, 10 ಸೆಕೆಂಡಿನ ತುಂಡಿಗೆ ಬೇಕಾದ ಬೇರೆ ಸಾಲು ಎಲ್ಲ ಮುಗಿಸಿಕೊಳ್ಳಿ.

"ಕೊಲೆಸ್ಟ್ರಾಲ್ ಓಡಿಸುತ್ತದೆ", "ಹೃದಯಕ್ಕೆ ಹಿತ" ಎಂದು ಅವರ ಬಾಯಲ್ಲಿ ಹೇಳಿಸಬೇಡಿ. ಅಡುಗೆ ಎಣ್ಣೆಯ ಪ್ಯಾಕೆಟ್ ಮೇಲೆ ಇಂಥ ಉತ್ಪ್ರೇಕ್ಷೆಯನ್ನು ಆಹಾರ ಸುರಕ್ಷತಾ ನಿಯಮಗಳು ಹೆಸರಿಟ್ಟೇ ನಿಷೇಧಿಸಿವೆ. ಸಸ್ಯಜನ್ಯ ಎಣ್ಣೆ ಯಾವುದರಲ್ಲೂ ಹೇಳಿಕೊಳ್ಳುವಂಥ ಕೊಲೆಸ್ಟ್ರಾಲ್ ಇರುವುದಿಲ್ಲ. ಅದನ್ನು ನಿಮ್ಮ ಎಣ್ಣೆಯದ್ದೇ ಗುಣ ಎಂಬಂತೆ ಸಾರುವುದೂ ದಾರಿತಪ್ಪಿಸಿದಂತೆಯೇ.

ಮಂಡಿಪೇಟೆಯಲ್ಲಿ ನಮ್ಮ ಬಟ್ಟೆ ಅಂಗಡಿಗೆ 25 ವರ್ಷ ಆಯ್ತು. ಅಪ್ಪು ಸರ್ ಫೋಟೋ ಹಾಕಿ ಹೋರ್ಡಿಂಗ್, ಕೇಬಲ್‌ಗೆ ಒಂದು ಜಾಹೀರಾತು ಮಾಡಿಸೋಣ ಅಂತಿದೀವಿ. ಅಭಿಮಾನದಿಂದ ಹಾಕೋದು, ದುಡ್ಡಿಗಲ್ಲ. ತೊಂದರೆ ಇದೆಯಾ?
— ಅಂಗಡಿ ಮಾಲೀಕರು, ದಾವಣಗೆರೆ

ಇದೆ. ಮಾರ್ಚ್ 17ಕ್ಕೆ, ಅವರ ಹುಟ್ಟುಹಬ್ಬದ ದಿನ, ನಮನ ಸಲ್ಲಿಸಿ ಅಂಗಡಿ ಮುಂದೆ ಫೋಟೋ ಇಟ್ಟು ಊಟ ಹಾಕಿಸಿದರೆ ಅದು ಅಭಿಮಾನ. ಅದೇ ಫೋಟೋ ಪಕ್ಕ "ಶೇ. 30 ರಿಯಾಯಿತಿ" ಮತ್ತು ಫೋನ್ ನಂಬರ್ ಬಂದರೆ ಅದು ಜಾಹೀರಾತು.

ಬದುಕಿರುವವರ ವಿಷಯದಲ್ಲಿ ಕಾನೂನು ಗಟ್ಟಿ. ಅಮಿತಾಭ್ ಮತ್ತು ಜಯಾ ಬಚ್ಚನ್ ಇದ್ದ ತನಿಷ್ಕ್ ಹೋರ್ಡಿಂಗನ್ನು ಉತ್ತರ ಪ್ರದೇಶದ ಮುಜಫರ್‌ನಗರದ ಒಂದು ಆಭರಣ ಅಂಗಡಿ ಹಾಗೇ ನಕಲು ಮಾಡಿತ್ತು. 2012ರಲ್ಲಿ ದೆಹಲಿ ಹೈಕೋರ್ಟ್ ಆ ಅಂಗಡಿಯ ವಿರುದ್ಧ ತೀರ್ಪು ಕೊಟ್ಟಿತು. ತೀರಿಕೊಂಡವರ ವ್ಯಕ್ತಿತ್ವದ ಹಕ್ಕಿನ ಬಗ್ಗೆ ನ್ಯಾಯಾಲಯಗಳ ಮಾತು ಇನ್ನೂ ಒಂದು ನೆಲೆಗೆ ಬಂದಿಲ್ಲ. ಆದರೆ ಫೋಟೋಕ್ಕೆ ತನ್ನದೇ ಕೃತಿಸ್ವಾಮ್ಯ ಇದೆ, ತೆಗೆದವರ ಜೀವಿತಕಾಲ ಮತ್ತು ಆಮೇಲಿನ 60 ವರ್ಷ ಅದು ತೆಗೆದವರದ್ದೋ ತೆಗೆಸಿದವರದ್ದೋ. ಸಿನಿಮಾದ ಸ್ಥಿರಚಿತ್ರವಾದರೆ ನಿರ್ಮಾಪಕರನ್ನು ಕೇಳಬೇಕು, ಹಾಡು ಹಾಕಿದರೆ ಆಡಿಯೊ ಕಂಪನಿಯನ್ನು. ಗೂಗಲ್‌ನಲ್ಲಿ ಸಿಕ್ಕಿತು ಅನ್ನುವುದು ಪರವಾನಗಿಯಲ್ಲ. ಕುಟುಂಬದ ಒಪ್ಪಿಗೆ ಪತ್ರವಿಲ್ಲದೆ ಮುಟ್ಟಬೇಡಿ. ಕಾನೂನಿಗಿಂತ ಮೊದಲು ಅಭಿಮಾನಿಗಳೇ ಅಂಗಡಿಗೆ ಬರುತ್ತಾರೆ, ಅದು ನಿಮಗೂ ಗೊತ್ತು.

"ಎಐನಲ್ಲಿ ನಟರ ದನಿ ಮಾಡಿಕೊಡ್ತೀವಿ, ನಿಮ್ಮ ಅಂಗಡಿ ಹೆಸರು ಹೇಳಿಸ್ತೀವಿ" ಎನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. 2021ರ ದೀಪಾವಳಿಗೆ ಕ್ಯಾಡ್ಬರಿ ಹೀಗೇ ಶಾರುಖ್ ಖಾನ್ ಬಾಯಲ್ಲಿ ಊರೂರಿನ ಸಣ್ಣ ಅಂಗಡಿಗಳ ಹೆಸರು ಹೇಳಿಸಿತ್ತು. ಅದು ಶಾರುಖ್ ಒಪ್ಪಿ ನಟಿಸಿದ ಜಾಹೀರಾತು. ಒಪ್ಪಿಗೆಯಿಲ್ಲದೆ ಮುಖ, ದನಿ, ಕಡೆಗೆ "ಝಕಾಸ್" ಎಂಬ ತಮ್ಮ ಮಾತನ್ನೂ ಬಳಸದಂತೆ ಅನಿಲ್ ಕಪೂರ್ 2023ರಲ್ಲಿ ದೆಹಲಿ ಹೈಕೋರ್ಟಿನಿಂದ ತಡೆ ತಂದಿದ್ದಾರೆ.

ನಂದಿನಿಗೆ ರಾಜಣ್ಣ, ಅಪ್ಪು, ಶಿವಣ್ಣ. ಮೈಸೂರ್ ಸ್ಯಾಂಡಲ್‌ಗೆ ಮಾತ್ರ ಹೊರಗಿನ ತಮನ್ನಾ, ಅದೂ 6.20 ಕೋಟಿ! ಕನ್ನಡದ ಹುಡುಗಿ ಸಿಗಲಿಲ್ವಾ?
— ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಸಿಟ್ಟು ನ್ಯಾಯವೇ, ಆದರೆ ಎರಡೂ ಸರಕುಗಳ ಮಾರುಕಟ್ಟೆ ಬೇರೆ ಬೇರೆ ಮೇಷ್ಟ್ರೇ. ಹಾಲು ಬೆಳಿಗ್ಗೆ ಕರೆದು ಮಾರನೇ ದಿನಕ್ಕೆ ಖರ್ಚಾಗಬೇಕಾದ ಪದಾರ್ಥ, ಕೊಳ್ಳುವವರು ಹೆಚ್ಚಾಗಿ ಇಲ್ಲಿಯವರೇ. ಅಲ್ಲಿ ಬೇಕಾದ್ದು ಮನೆಮಂದಿಯ ವಿಶ್ವಾಸ. ರಾಜ್‌ಕುಮಾರ್ ನಂದಿನಿಗಾಗಿ ಸಂಭಾವನೆ ಮುಟ್ಟದೆ ನಟಿಸಿದರು, ಪುನೀತ್ ಕೂಡ ಹಾಗೇ ಮಾಡಿದರು. ದುಡ್ಡು ಪಡೆಯಲಿಲ್ಲ ಎಂಬ ಸುದ್ದಿಯೇ ಜಾಹೀರಾತಿಗಿಂತ ಹೆಚ್ಚು ಕೆಲಸ ಮಾಡಿತು. ಸಾಬೂನು ವರ್ಷಗಟ್ಟಲೆ ಕೆಡದೆ ದೂರದ ಊರಿಗೆ ಹೋಗುತ್ತದೆ. ಮಾರಾಟ ಬೆಳೆಸಬೇಕಾದದ್ದು ಹೊರರಾಜ್ಯಗಳಲ್ಲಿ ಎಂಬುದು 2025ರಲ್ಲಿ ಸರ್ಕಾರ ಕೊಟ್ಟ ಸಮರ್ಥನೆ. ಎರಡು ವರ್ಷಕ್ಕೆ 6.20 ಕೋಟಿ ಎಂಬ ಲೆಕ್ಕ ಆ ಮಾರುಕಟ್ಟೆಗೆ ಕಟ್ಟಿದ್ದು. ಈ ಸಾಬೂನು ಕಂಪನಿ 2006ರಲ್ಲಿ ಧೋನಿಯನ್ನು ಕರೆತಂದದ್ದೂ ಅದೇ ಕಾರಣಕ್ಕೆ.

ನಮ್ಮ ತಕರಾರು ಬೇರೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಂದ, ನಿಜವಾದ ಗಂಧದೆಣ್ಣೆಯ ಸಾಬೂನು ಎಂಬ ಮಾತು ಬೇರೆ ಯಾವ ಸಾಬೂನಿಗೂ ಹೇಳಲಾಗದ್ದು. ತಾರೆ ಯಾರೇ ಬರಲಿ, ಆ ಮಾತು ಅವರ ಬಾಯಲ್ಲಿ ಇದೆಯೋ ಇಲ್ಲವೋ ನೋಡಿ.

ನಟರು ಹೇಳಿದರು ಅಂತ ಕೊಂಡ ವಸ್ತು ಮೋಸ ಆದರೆ ಅವರಿಗೇನಾದರೂ ಶಿಕ್ಷೆ ಇದೆಯಾ? ಅವರು ಅದನ್ನ ಮನೇಲಿ ಬಳಸ್ತಾರಾ?
— ಗೃಹಿಣಿ, ಪಿ.ಜೆ. ಬಡಾವಣೆ, ದಾವಣಗೆರೆ

2015ರಲ್ಲಿ ಮ್ಯಾಗಿ ಗಲಾಟೆಯಾದಾಗ ಅಮಿತಾಭ್, ಮಾಧುರಿ, ಪ್ರೀತಿ ಜಿಂಟಾ ಮೇಲೆ ದೂರು ಹೋಯಿತು, ಆದರೆ ಜಾಹೀರಾತಿನಲ್ಲಿ ನಟಿಸಿದವರ ಹೊಣೆ ಇಷ್ಟು ಎಂದು ಹೇಳುವ ಸ್ಪಷ್ಟ ಕಾನೂನು ಇರಲಿಲ್ಲ. ಈಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡವರಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ಜಾಹೀರಾತಿನಲ್ಲಿ ನಟಿಸದಂತೆ ಒಂದು ವರ್ಷ, ಪುನರಾವರ್ತಿಸಿದರೆ ಮೂರು ವರ್ಷದವರೆಗೆ ತಡೆ. ಜೈಲು ಇಲ್ಲ. ಹೇಳಿದ್ದು ನಿಜವೋ ಎಂದು ತಾವು ಸಾಕಷ್ಟು ವಿಚಾರಿಸಿದ್ದೆವು ಎಂದು ತೋರಿಸಿದರೆ ದಂಡದಿಂದ ಪಾರಾಗುತ್ತಾರೆ. ಅದೇ ಕಾಯ್ದೆಯಡಿ ಬಂದ 2022ರ ಮಾರ್ಗಸೂಚಿ ಅವರ ಮಾತು ಪ್ರಾಮಾಣಿಕ ಅಭಿಪ್ರಾಯವಾಗಿರಬೇಕು ಎನ್ನುತ್ತದೆ. ಮನೆಯಲ್ಲಿ ಬಳಸುತ್ತಾರೋ ಇಲ್ಲವೋ, ನೀವೇ ಊಹಿಸಿ.

ದೂರನ್ನು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಹೇಳಬಹುದು. ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ಜಿಲ್ಲಾಧಿಕಾರಿಗೂ ಬರೆದುಕೊಡಬಹುದು. ನಿಮ್ಮ ದುಡ್ಡು ವಾಪಸು ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್ಲು ಮತ್ತು ಜಾಹೀರಾತು ಬಂದ ವಾಹಿನಿ, ದಿನ, ಹೊತ್ತು ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಜಾಹೀರಾತನ್ನು ಮೊಬೈಲಿನಲ್ಲೇ ಚಿತ್ರೀಕರಿಸಿ.

ಅಡಿಕೆ ಬೆಳೆಯೋರು ನಾವು. ದೊಡ್ಡ ದೊಡ್ಡ ನಟರು ಏಲಕ್ಕಿ ಜಾಹೀರಾತಲ್ಲಿ ಕುಣೀತಾರೆ. ಏಲಕ್ಕಿಗೆ ಅಷ್ಟು ದುಡ್ಡು ಎಲ್ಲಿಂದ ಬರುತ್ತೆ?
— ರೈತರು, ಚನ್ನಗಿರಿ

ಪ್ರಶ್ನೆಯಲ್ಲೇ ಉತ್ತರ ಇದೆ. ಏಲಕ್ಕಿ ಪೊಟ್ಟಣದ ಹೆಸರು, ಅಕ್ಷರದ ವಿನ್ಯಾಸ, ಬಣ್ಣ ಎಲ್ಲವೂ ಅದೇ ಕಂಪನಿಯ ಇನ್ನೊಂದು ಸರಕಿನದ್ದು, ಅಡಿಕೆಯಿಂದ ಮಾಡುವ ಪಾನ್ ಮಸಾಲ, ಗುಟ್ಕಾದಂಥದ್ದು. ಏಲಕ್ಕಿ ತೋರಿಸಿ ಅದನ್ನು ನೆನಪಿಸುತ್ತಾರೆ. ಇದಕ್ಕೆ ಬದಲಿ ಜಾಹೀರಾತು ಎನ್ನುತ್ತಾರೆ, 2022ರ ಮಾರ್ಗಸೂಚಿ ಇದನ್ನು ನಿಷೇಧಿಸಿದೆ. ತಂಬಾಕಿನ ಜಾಹೀರಾತಿಗೆ 2003ರ ಕಾಯ್ದೆಯಲ್ಲೇ ತಡೆ ಇದೆ, ಗುಟ್ಕಾ ಕರ್ನಾಟಕದಲ್ಲಿ 2013ರಿಂದ ಬಂದ್. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ಇಂಥದ್ದೊಂದು ಜಾಹೀರಾತಿಗಾಗಿ ಕ್ಷಮೆ ಕೇಳಿ ಹಿಂದೆ ಸರಿದರು. ಇದರಲ್ಲಿ ಕೆಟ್ಟ ಹೆಸರು ಬರುವುದು ಅಡಿಕೆಗೆ, ಕಾಸು ಹೋಗುವುದು ಬೇರೆ ಕಡೆಗೆ. ನಿಮ್ಮ ಬೇಸರ ಸರಿಯಾಗಿಯೇ ಇದೆ.

ಹಿಂದಿ ನಟರು ಕನ್ನಡ ಮಾತಾಡೋ ಜಾಹೀರಾತು ಕೇಳಿದರೆ ಅನ್ನದಾಗೆ ಕಲ್ಲು ಸಿಕ್ಕಂಗಾಗ್ತದೆ. ಯಾಕೆ ಹಿಂಗೆ ಮಾಡ್ತಾರೆ?
— ಓದುಗರು, ಹೊಸದುರ್ಗ

ಅವಸರ. ಹಿಂದಿ ಸಾಲನ್ನು ಪದಕ್ಕೆ ಪದ ಇಳಿಸಿ, ಅಷ್ಟೇ ಸೆಕೆಂಡಿಗೆ ತುರುಕುತ್ತಾರೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ ಪದ ಉದ್ದ, ಹಾಗಾಗಿ ದನಿ ಓಡಬೇಕಾಗುತ್ತದೆ. ಮೇಲಾಗಿ ಪ, ಬ, ಮ ಹೇಳುವಾಗ ತುಟಿ ಮುಚ್ಚುತ್ತದೆ. ನಟನ ತುಟಿ ಮುಚ್ಚಿದ ಜಾಗದಲ್ಲಿ ಕನ್ನಡದ ಸಾಲಿನಲ್ಲೂ ಅಂಥದ್ದೇ ಅಕ್ಷರ ಬೀಳದಿದ್ದರೆ ಕಣ್ಣಿಗೂ ಕಲ್ಲು. ಇಂಥ ಅನುವಾದ ಗುರುತಿಸುವುದು ಸುಲಭ: "ಏಕೆಂದರೆ" ಎಂದು ಶುರುವಾಗುವ ಸಾಲು, "ಪಡೆಯಿರಿ ಆಕರ್ಷಕ ಬಹುಮಾನ" ಎಂದು ಕ್ರಿಯಾಪದ ಮುಂದೆ ಬಂದ ಸಾಲು. ನಮ್ಮ ಯಾವ ಅಂಗಡಿಯವರು ಹಾಗೆ ಮಾತಾಡುತ್ತಾರೆ?

ಬುದ್ಧಿವಂತ ಏಜೆನ್ಸಿಗಳು ಮೂಕ ವಿಡಿಯೊವನ್ನು ಕನ್ನಡದ ಬರಹಗಾರರ ಕೈಗೆ ಕೊಟ್ಟು ತುಟಿಗೆ ಹೊಂದುವಂತೆ ಹೊಸದಾಗಿ ಬರೆಸುತ್ತವೆ. ಇನ್ನೂ ಬುದ್ಧಿವಂತರು ಚಿತ್ರೀಕರಣದಲ್ಲೇ ಮುಖ್ಯ ಸಾಲಿನ ಹೊತ್ತಿಗೆ ಕ್ಯಾಮೆರಾವನ್ನು ಸರಕಿನ ಮೇಲಿಡುತ್ತಾರೆ, ಆಗ ಯಾವ ಭಾಷೆ ಬೇಕಾದರೂ ಕೂರುತ್ತದೆ. ಆಡುಮಾತಿನ ಸೊಗಡಿಗೆ ಬೆಲೆ ಇದೆ ಎಂಬುದಕ್ಕೆ ಕಪಿಲ್ ದೇವ್ ಸಾಕ್ಷಿ. "ಪಾಮೋಲಿವ್ ದಾ ಜವಾಬ್ ನಹೀಂ" (ಪಾಮೋಲಿವ್‌ಗೆ ಸಾಟಿಯೇ ಇಲ್ಲ) ಎಂಬ ಅವರ ಪಂಜಾಬಿ ಧಾಟಿಯನ್ನು ತಿದ್ದಿ ಶುದ್ಧಗೊಳಿಸಿದ್ದರೆ ಇವತ್ತು ಯಾರಿಗೂ ನೆನಪಿರುತ್ತಿರಲಿಲ್ಲ.

ಬೆಣ್ಣೆದೋಸೆ ಹೋಟೆಲ್ ಇದೆ. ಸ್ಟಾರ್ ಯಾಕಪ್ಪಾ, ನೀನೇ ನಿಂತು ಮಾತಾಡು ಅಂತಾನೆ ಮಗ. ಸರಿ ಹೋಗುತ್ತಾ?
— ಹೋಟೆಲ್ ಮಾಲೀಕರು, ದಾವಣಗೆರೆ

ಮಗ ಹೇಳಿದ್ದು ಸರಿ. ಎಂಡಿಎಚ್ ಮಸಾಲೆಯ ಪೇಟದ ಅಜ್ಜ ಯಾವ ತಾರೆಗೂ ಕಡಿಮೆಯಿರಲಿಲ್ಲ. ಆದರೆ ಮಾತಾಡಬೇಡಿ, ದೋಸೆ ಹಾಕಿ. ಹೆಂಚಿನ ಮೇಲೆ ಬೆಣ್ಣೆಯ ಉಂಡೆ ಕರಗುವ ಐದು ಸೆಕೆಂಡನ್ನು ಹತ್ತಿರದಿಂದ ತೋರಿಸಿ, ಆಮೇಲೆ ಒಂದೇ ವಾಕ್ಯ, ನೀವು ದಿನಾ ಗಿರಾಕಿಗೆ ಹೇಳುವಂಥದ್ದು. ಬರೆದುಕೊಂಡು ಓದಿದರೆ ಕಣ್ಣು ಓಡಾಡುವುದು ಕಾಣುತ್ತದೆ. ಹತ್ತು ಸಲ ಹೇಳಿಸಿ, ಎಂಟನೆಯದ್ದನ್ನೋ ಒಂಬತ್ತನೆಯದ್ದನ್ನೋ ಇಟ್ಟುಕೊಳ್ಳಿ. "ದಾವಣಗೆರೆಯ ನಂಬರ್ ಒನ್" ಎಂಬ ಮಾತು ಬೇಡ, ಪುರಾವೆ ಕೇಳಿದರೆ ತೋರಿಸಲು ಏನಿದೆ? ಈ ಊರಲ್ಲಿ ಕೇಳುವವರೂ ಬಹಳ.

ಜಾಹೀರಾತು ಕೆಲಸ ಮಾಡಿತೋ ಇಲ್ಲವೋ ಹೇಗೆ ತಿಳಿಯೋದು?
— ಎಣ್ಣೆ ವಿತರಕರು, ಹರಿಹರ

ಜಾಹೀರಾತು ನೋಡಿದ್ರಾ ಎಂದು ಯಾರನ್ನೂ ಕೇಳಬೇಡಿ. ಕೇಳಿದ ತಕ್ಷಣ ಎಲ್ಲರೂ ಹೌದೆನ್ನುತ್ತಾರೆ. ಎರಡು ಊರು ಆರಿಸಿಕೊಳ್ಳಿ: ದಾವಣಗೆರೆ ಕೇಬಲ್‌ನಲ್ಲಿ ಹಾಕಿ, ಚಿತ್ರದುರ್ಗದಲ್ಲಿ ಹಾಕಬೇಡಿ. ಎರಡೂ ಕಡೆ ಹತ್ತು ಹತ್ತು ಅಂಗಡಿಯ ಮಾರಾಟವನ್ನು ಮೊದಲಿನ ನಾಲ್ಕು ವಾರ, ಪ್ರಸಾರದ ವಾರಗಳು, ಆಮೇಲಿನ ನಾಲ್ಕು ವಾರ ಬರೆದಿಡಿ. ಯುಗಾದಿ, ದೀಪಾವಳಿ ನಡುವೆ ಬಂದರೆ ಲೆಕ್ಕ ಕೆಡುತ್ತದೆ, ಹಬ್ಬಕ್ಕೆ ಎಣ್ಣೆ ಹೇಗೂ ಖರ್ಚಾಗುತ್ತದೆ.

ಅಂಗಡಿಯವರಿಗೆ ಇನ್ನೊಂದು ಕೆಲಸ ಹೇಳಿ. ಗಿರಾಕಿ ಹೆಸರು ಹೇಳಿ ಕೇಳಿದರೆ ಚೀಟಿಯಲ್ಲಿ ಒಂದು ಗೀಟು, "ಆ ಧಾರಾವಾಹಿ ಹುಡುಗಿ ಬರ್ತಾಳಲ್ಲ, ಆ ಎಣ್ಣೆ ಕೊಡ್ರಿ" ಅಂದರೆ ಬೇರೆ ಕಡೆ ಒಂದು ಗೀಟು. ಎರಡನೆಯದ್ದು ಹೆಚ್ಚಾದರೆ ಅಂಗಡಿಯವರು ಕೈಗೆ ಸಿಕ್ಕ ಎಣ್ಣೆ ಕೊಟ್ಟು ಕಳಿಸುತ್ತಾರೆ, ನಿಮ್ಮ ದುಡ್ಡಲ್ಲಿ ಪಕ್ಕದವರ ಪ್ಯಾಕೆಟ್ ಮಾರಾಟವಾಗುತ್ತದೆ. ಆಗ ಜಾಹೀರಾತಿನ ಅದೇ ಸೀರೆಯ, ಅಂಗೈ ಮೂಸುವ ಅದೇ ಭಂಗಿಯ ಚಿತ್ರವನ್ನು ಪ್ಯಾಕೆಟ್ ಮೇಲೂ ಅಂಗಡಿಯ ಕಟ್ಟೆಯ ಮೇಲೂ ತರಬೇಕು. ಚಳ್ಳಕೆರೆಯವರಿಗೆ ಮೇಲೆ ಹೇಳಿದ ಒಪ್ಪಂದದಲ್ಲಿ "ಪ್ಯಾಕೆಟ್ ಮೇಲೆ" ಎಂದು ಬರೆಸಿರಿ ಎಂದದ್ದು ಈ ದಿನಕ್ಕಾಗಿ.